ಮೊಡವೆಗೆ ಮೂವತ್ತು ಪುಟ

"ಮೂವತ್ತು ಪುಟ ಕಣ್ರೀ! ಒಂದು ಮೊಡವೆಗೆ!" ರಾಯರು ಮಗಳು ಓದುತ್ತಿದ್ದ ಕಾದಂಬರಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಕೆನ್ನೆ ಮೇಲಾ, ಮೂಗಿನ ಮೇಲಾ?" ಶಾರದಕ್ಕ ಕೇಳಿದರು.

"ಮೂಗಿನ ತುದಿಗೆ."

"ಹಾಗಾದರೆ ಮೂವತ್ತು ಕಮ್ಮಿಯೇ ಆಯಿತು."

ನಾಣಿ ಫೋನಿನಿಂದ ತಲೆಯೆತ್ತಿದ. ವರ್ಷಕ್ಕೆ 52 ಪುಸ್ತಕ ಓದುವ ಪಣ ತೊಟ್ಟವನು. ಒಂದೊಂದರಿಂದಲೂ ಐದೈದು ಪಾಠ ಹಿಂಡಿ ಬರೆದಿಟ್ಟುಕೊಳ್ಳುತ್ತಾನೆ. "ಇದರ ಟೇಕ್‌ಅವೇ ಏನಕ್ಕ?"

"ಮೊಡವೆ ಹೋಗುತ್ತೆ."

"ಅಷ್ಟೇನಾ?"

"ಹದಿನೈದರ ಹುಡುಗಿಗೆ ಅದನ್ನ ಬೇರೆ ಯಾರೋ ಹೇಳುತ್ತಾರೆ ಅಂದುಕೊಂಡೆಯಾ?"

"ಈಗಿನ ಹುಡುಗಿಯರ ತಲೆ ಕೆಡೋದೇ ಇಂಥದ್ದರಿಂದ," ಎಂದರು ರಾಯರು.

"ಈಗಿನದೇನಲ್ಲ ರಾಯರೇ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್‌ಳ ಕಾದಂಬರಿ 'ನಾರ್ಥ್ಯಾಂಗರ್ ಅಬ್ಬೆ' ಅಚ್ಚಾದದ್ದು 1817ರ ಕೊನೆಯಲ್ಲಿ. ಅದರ ಹುಡುಗಿಗೆ ಹದಿನೇಳು. ಭಯದ ಕಾದಂಬರಿ ಓದಿ ಓದಿ, ಉಳಿದುಕೊಂಡ ಮನೆಯ ಬೀರುವಿನಲ್ಲಿ ಒಂದು ಕಾಗದದ ಸುರುಳಿ ಪತ್ತೆ ಮಾಡುತ್ತಾಳೆ. ದೀಪ ಆರಿಹೋಗುತ್ತೆ. ಮೂರು ಗಂಟೆವರೆಗೂ ನಿದ್ದೆಯಿಲ್ಲ. ಬೆಳಿಗ್ಗೆ ಬಿಚ್ಚಿ ನೋಡಿದರೆ ಬಟ್ಟೆ ಒಗೆಸಿದ ಲೆಕ್ಕ!"

"ಬಟ್ಟೆ ಲೆಕ್ಕ ಸರಿಯಾಗಿ ಇಡಬೇಕು," ನಾಣಿ ಟೈಪ್ ಮಾಡಿಕೊಂಡ.

"ಏನು ಓದ್ತಿದ್ದೀಯ ಅಂದರೆ, 'ಅಯ್ಯೋ, ಬರೀ ಕಾದಂಬರಿ' ಅಂತ ನಾಚಿಕೊಂಡು ಪುಸ್ತಕ ಕೆಳಗಿಡುವ ಹುಡುಗಿಯೂ ಅದರಲ್ಲೇ ಇದ್ದಾಳೆ. ಆಸ್ಟಿನ್‌ಗೆ ಆಗಲೇ ರೇಗಿತ್ತು."

"ಯುದ್ಧ, ಬರ, ಬಡತನ... ಅಂಥದ್ದು ಓದಲಿ," ರಾಯರು ಬಿಡಲಿಲ್ಲ.

"ಓದಲಿ, ಬೇಡ ಅಂದವರು ಯಾರು? ಆದರೆ ಅಲ್ಲೆಲ್ಲ ಹುಡುಗಿ ಧೀರೆ. ಇಲ್ಲಿ ತಳ್ಳುವ ಬಾಗಿಲನ್ನ ಎಳೆಯುತ್ತಾಳೆ. ಹುಡುಗನಿಗೆ ಕಳಿಸಬೇಕಾದ ಮೆಸೇಜನ್ನ ಅವನ ಅಮ್ಮನಿಗೆ ಕಳಿಸುತ್ತಾಳೆ. ಆಮೇಲೆ ಡೈರಿಯಲ್ಲಿ ತನ್ನನ್ನ ತಾನೇ ಬೈದುಕೊಳ್ಳುತ್ತಾಳೆ. ಓದುವವಳಿಗೆ ನಗು. ಸದ್ಯ, ನಾನೊಬ್ಬಳೇ ಅಲ್ಲವಲ್ಲ ಅಂತ."

ನಾಣಿ ನಕ್ಕ. ಶಾರದಕ್ಕ ನಗಲಿಲ್ಲ. ಪುಸ್ತಕ ಎತ್ತಿಕೊಂಡು ಸುಮ್ನೆ ಹಾಳೆ ತಿರುವಿದರು.

"ನನಗೂ ಬಂದಿತ್ತು. ಇಲ್ಲೇ, ಮೂಗಿನ ತುದಿಗೆ. ಜ್ವರ ಅಂತ ಸುಳ್ಳು ಹೇಳಿ ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೇ ದಿನ ಕೈ ಅಡ್ಡ ಇಟ್ಟುಕೊಂಡೇ ಹೋದೆ. ಒಬ್ಬರೂ ಗಮನಿಸಲಿಲ್ಲ. ಮೊಡವೆಯನ್ನೂ, ನಾನು ಎರಡು ದಿನ ಬಂದಿರಲಿಲ್ಲ ಅನ್ನೋದನ್ನೂ."

ನಾಣಿಯ ಬೆರಳು ಫೋನಿನ ಮೇಲೆಯೇ ನಿಂತಿತು. "ಅಕ್ಕ, ಇದರ..."

"ಬರೀಬೇಡ ಕಣೋ."

ರಾಯರು ಗಂಟಲು ಸರಿ ಮಾಡಿಕೊಂಡು ಪುಸ್ತಕಕ್ಕೆ ಕೈ ಚಾಚಿದರು.

"ಮಗಳಿಗೆ ವಾಪಸ್ ಕೊಡಿ," ಎಂದರು ಶಾರದಕ್ಕ.

"ಕೊಡ್ತೀನಿ. ಇನ್ನೆರಡು ಅಧ್ಯಾಯ ಇದೆ."