ಸಹಾಯ ಬೇಕು: ಗಾಡಿಗೆ ತೂಕ ಹೇರಿದಷ್ಟೂ ವೇಗೋತ್ಕರ್ಷ ಲೆಕ್ಕಕ್ಕಿಂತ ಕಮ್ಮಿ ಬರ್ತಿದೆ

ಒಂಬತ್ತನೇ ಕ್ಲಾಸಿಗೆ ನ್ಯೂಟನ್ನನ ಎರಡನೇ ನಿಯಮ (ಬಲ = ರಾಶಿ × ವೇಗೋತ್ಕರ್ಷ) ತೋರಿಸೋ ಪ್ರಯೋಗ. 1.2 ಮೀಟರ್ ಪ್ಲೈವುಡ್ ಹಲಗೆ, 500 ಗ್ರಾಂ ಗಾಡಿ, ತುದಿಗೆ ರಾಟೆ, ದಾರದಲ್ಲಿ ನೇತಾಡೋ ತೂಕ. 1 ಮೀಟರ್ ದಾಟೋ ಸಮಯವನ್ನ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಎಣಿಸಿ, ವೇಗೋತ್ಕರ್ಷಕ್ಕೆ ದೂರದ ಎರಡರಷ್ಟನ್ನ ಸಮಯದ ವರ್ಗದಿಂದ ಭಾಗಿಸಿದ್ದು.

ಬಲ ಬದಲಿಸೋ ಭಾಗದಲ್ಲಿ ತಕರಾರಿಲ್ಲ. ಹೊಸ ತೂಕ ಸೇರಿಸದೆ ಗಾಡಿಯಲ್ಲಿದ್ದದ್ದನ್ನೇ ದಾರಕ್ಕೆ ವರ್ಗಾಯಿಸಿದ್ರೆ ಒಟ್ಟು ರಾಶಿ ಹಾಗೇ ಉಳಿಯುತ್ತೆ, ಬಲ-ವೇಗೋತ್ಕರ್ಷ ಗ್ರಾಫಿನ ಗೆರೆ ನೇರ ಬರುತ್ತೆ. (ನೇತಾಡೋ ತೂಕವೂ ಚಲಿಸುತ್ತೆ ಅನ್ನೋದನ್ನ ಮರೆತ್ರೆ ಗೆರೆ ಬಾಗೋದು ಗ್ಯಾರಂಟಿ.) ಘರ್ಷಣೆ ಸರಿದೂಗಿಸೋಕೆ ದಾರ ಬಿಚ್ಚಿ, ಹಲಗೆಯ ಒಂದು ತುದಿಗೆ ಪುಸ್ತಕ ಕೊಟ್ಟು, ತಳ್ಳಿದ ಗಾಡಿ ಒಂದೇ ವೇಗದಲ್ಲಿ ಹೋಗೋವರೆಗೆ ಓರೆ ಮಾಡಿದೆ.

ಸಿಕ್ಕಿಕೊಂಡಿರೋದು ರಾಶಿ ಬದಲಿಸೋ ಭಾಗದಲ್ಲಿ. ನೇತಾಡೋದು 100 ಗ್ರಾಂ, ಅಂದ್ರೆ 0.98 ನ್ಯೂಟನ್. ಒಟ್ಟು 600 ಗ್ರಾಂ ಇದ್ದಾಗ 1.63 ಬರಬೇಕು, 1.61 ಬಂತು. 1,100 ಗ್ರಾಂಗೆ 0.89ರ ಬದಲು 0.81. 1,600ಕ್ಕೆ 0.61 ಬರಬೇಕಾದಲ್ಲಿ ಬರೀ 0.48 ಮೀ/ಸೆ²! ಕೊರತೆ ಲೆಕ್ಕ ಹಾಕಿದ್ರೆ ಸುಮಾರು 0.2 ನ್ಯೂಟನ್ ಎಲ್ಲೋ ತಿಂದುಹೋಗ್ತಿದೆ. ಚಕ್ರಕ್ಕೆ ಎಣ್ಣೆ ಬಿಟ್ಟಾಯ್ತು, ದಾರ ಹಲಗೆಗೆ ಸಮಾನಾಂತರ ಇದೆ, ರಾಟೆ ಸಲೀಸಾಗಿ ತಿರುಗುತ್ತೆ.

ಘರ್ಷಣೆ ಭಾರಕ್ಕೆ ತಕ್ಕಂತೆ ಏರಿದ್ರೂ ಓರೆಯಿಂದ ಸಿಗೋ ಎಳೆತವೂ ಅಷ್ಟೇ ಏರಬೇಕಲ್ವಾ, ಹಾಗಾದ್ರೆ ಒಂದೇ ಓರೆ ಸಾಕು. ಆದ್ರೂ 1 ಕಿಲೋ ಹೇರಿ ತಳ್ಳಿದ್ರೆ ಗಾಡಿ ಅರ್ಧ ದಾರಿ ದಾಟಿದ ಮೇಲೆ ನಿಧಾನ ಆಗುತ್ತೆ. ಹಲಗೆ ನಡುವೆ ಬಗ್ಗುತ್ತಿದೆಯಾ, ಇಲ್ಲಾ ಅಚ್ಚು ಬಗ್ಗಿ ಚಕ್ರ ಗಾಡಿಯ ಬದಿಗೆ ಉಜ್ಜುತ್ತಿದೆಯಾ? ಎರಡರಲ್ಲಿ ಯಾವುದು ಅಂತ ಪತ್ತೆ ಮಾಡೋದು ಹೇಗೆ, ಮತ್ತೆ ಪ್ರತಿ ಸಲ ತೂಕ ಹೇರಿದಾಗ್ಲೂ ಓರೆಯನ್ನ ಹೊಸದಾಗಿ ಹೊಂದಿಸಬೇಕಾ?