ಸಹಾಯ ಬೇಕು: ಬ್ಲೂಸ್ ಸೋಲೋದಲ್ಲಿ ಚಿಕ್ಕ ತುಣುಕನ್ನು ಬೆಳೆಸುವುದು ಹೇಗೆ?

ಪಿಯಾನೋದಲ್ಲಿ ಎಫ್ ಕೀಯ 12 ಬಾರ್ ಬ್ಲೂಸ್ (ಹನ್ನೆರಡು ಬಾರ್, ಅಂದರೆ ತಾಳದ ಆವರ್ತಗಳಲ್ಲಿ ಮತ್ತೆ ಮತ್ತೆ ಸುತ್ತುವ ಕಾರ್ಡ್ ಸರಣಿ) ಅಭ್ಯಾಸ ಮಾಡುತ್ತಿದ್ದೇನೆ. ಎಡಗೈ ಕಾರ್ಡ್‌ಗಳು ಸಲೀಸಾಗಿ ಬರುತ್ತವೆ. ಬಲಗೈ ಮಾತ್ರ ಬ್ಲೂಸ್ ಸ್ಕೇಲನ್ನು ಸುಮ್ನೆ ಮೇಲೆ ಕೆಳಗೆ ಓಡಿಸುತ್ತದೆ.

ಜಾಝ್ ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್ ಅವರ ‘ಸಿ ಜಾಮ್ ಬ್ಲೂಸ್’ನ ಮುಖ್ಯ ಮೆಲೊಡಿಯಲ್ಲಿ ಇರುವುದು ಎರಡೇ ಸ್ವರ, ಜಿ ಮತ್ತು ಸಿ. ಆದರೂ ಎಂಥಾ ಸ್ವಿಂಗ್, ಅಲ್ವಾ! ಹಾಗಾಗಿ ನಾನೂ ಮೂರೇ ಸ್ವರ ಹಿಡಿದೆ: ಎಫ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್. ಐದನೇ ಬಾರ್‌ನಲ್ಲಿ ಬಿ ಫ್ಲ್ಯಾಟ್ 7 ಕಾರ್ಡ್ ಬಂದಾಗಲೂ ಚೆನ್ನಾಗಿಯೇ ಕೂರುತ್ತದೆ. ಒಂಬತ್ತನೇ ಬಾರ್‌ನಲ್ಲಿ ಜಿ ಮೈನರ್ 7, ಆಮೇಲೆ ಸಿ 7 ಬರುತ್ತವಲ್ಲ, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ.

ಅಲ್ಲಿ ರಿದಮ್ ಉಳಿಸಿಕೊಂಡು ಸ್ವರ ಬದಲಿಸಬೇಕಾ? ಇಲ್ಲಾ ಸ್ವರ ಉಳಿಸಿ ರಿದಮ್ ಬದಲಿಸಬೇಕಾ? ತುಣುಕುಗಳ ನಡುವೆ ಎಷ್ಟು ಬಿಡುವು ಕೊಡುತ್ತೀರಿ? ಯಾರಾದರೂ ನುಡಿಸಿ ಚಿಕ್ಕ ಆಡಿಯೋ ಹಾಕಿದರೆ ತುಂಬಾ ಉಪಕಾರ. ಥಿಯರಿ ಪುಸ್ತಕಗಳ ಹೆಸರು ಬೇಡ, ಅವು ಈಗಾಗಲೇ ಜಾಸ್ತಿ ಇವೆ.