ಇಂಟರ್‌ಫಿಯರೆನ್ಸ್‌ಗೆ ‘ಬೆರಕೆ’ ಅನ್ನಬಹುದಾ? ಸೆಕ್ಟರ್ ಆಂಟೆನಾ ಕೈಪಿಡಿಗೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ತಿಪಟೂರು, ತುರುವೇಕೆರೆ ಕಡೆಯ ಹಳ್ಳಿಗಳಿಗೆ ವೈರ್‌ಲೆಸ್ ಇಂಟರ್ನೆಟ್ ಕೊಡುವ ಚಿಕ್ಕ ಸಂಸ್ಥೆಯೊಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡುತ್ತಿದ್ದೇನೆ. ಓದುವವರು ಟವರ್ ಹತ್ತಿ ಆಂಟೆನಾ ಕಟ್ಟುವ ಹುಡುಗರು. ಐಟಿಐ, ಡಿಪ್ಲೊಮಾ ಮಾಡಿದವರೇ ಜಾಸ್ತಿ. ಸೆಕ್ಟರ್ ಆಂಟೆನಾ (ಸುತ್ತಲೂ ಅಲ್ಲದೆ ಮುಖ್ಯವಾಗಿ ಒಂದು ದಿಕ್ಕಿನ ಹೋಳಿಗೆ ಸಿಗ್ನಲ್ ಕಳಿಸುವ ಆಂಟೆನಾ) ಆರಿಸುವುದು ಹೇಗೆ ಅನ್ನುವ ಅಧ್ಯಾಯದಲ್ಲಿ ಒಂದು ಪದ ಕೈಕೊಡುತ್ತಿದೆ: ಇಂಟರ್‌ಫಿಯರೆನ್ಸ್, ಅಂದರೆ ನಮ್ಮ ಸಿಗ್ನಲ್ ಜೊತೆ ಬೇಡದ ಇನ್ನೊಂದು ಸಿಗ್ನಲ್ ಬಂದು ಸೇರುವುದು.

ಆಂಟೆನಾ, ಟವರ್, ಚಾನಲ್, ಡಿಶ್, ಸೆಕ್ಟರ್ ಎಲ್ಲವನ್ನೂ ಹಾಗೇ ಬಿಟ್ಟಿದ್ದೇನೆ. ಸೆಕ್ಟರ್‌ಗೆ ಗಣಿತದ ಪಠ್ಯದಲ್ಲಿ ‘ತ್ರಿಜ್ಯಾಂತರ ಖಂಡ’ ಇದೆ, ಗೊತ್ತು. ಟವರ್ ಮೇಲೆ ನಿಂತವನು ಕೆಳಗಿನವನಿಗೆ ‘ಉತ್ತರದ ತ್ರಿಜ್ಯಾಂತರ ಖಂಡ ಬಿಚ್ಚಲಾ?’ ಅಂತ ಕೂಗುವುದಿಲ್ಲ ಅಲ್ವಾ. ಅದರ ಚರ್ಚೆ ಇನ್ನೊಂದು ದಿನ ಆಗಲಿ.

ಇಂಟರ್‌ಫಿಯರೆನ್ಸ್ ಅನ್ನೂ ಹಾಗೇ ಬಿಡಬಹುದಿತ್ತು. ಆದರೆ ಹುಡುಗರ ಬಾಯಲ್ಲಿ ಆ ಪದ ಇಲ್ಲ. ‘ನಾಯ್ಸ್ ಜಾಸ್ತಿ’ ಅಂತಾರೆ, ‘ಪಕ್ಕದ ಟವರ್ ಹೊಡೀತಿದೆ’ ಅಂತಾರೆ, ‘ಏನೋ ಅಡ್ಡ ಬರ್ತಿದೆ’ ಅಂತಾರೆ. ತೊಂದರೆ ಇರುವುದು ಈ ಮೂರನೆಯದರಲ್ಲಿ.

ನಮ್ಮ ಕಡೆ ನಿಜವಾಗಿಯೂ ಅಡ್ಡ ಬರುವುದು ತೆಂಗಿನ ಮರ. ಐವತ್ತು ಅರವತ್ತು ಅಡಿ ಎತ್ತರದ ತೋಟ. 5 ಗಿಗಾಹರ್ಟ್ಸ್‌ನ ಸಿಗ್ನಲ್ ಗರಿಯೊಳಗೆ ಹಾಯುವುದು ಕಷ್ಟ. ಮಳೆಯಲ್ಲಿ ಗರಿ ನೆನೆದರಂತೂ ಇನ್ನೂ ಕಷ್ಟ. ಇದಕ್ಕೆ ಮದ್ದು ಸುಲಭ. ಗ್ರಾಹಕರ ಮನೆ ಮೇಲೆ ಡಿಶ್ ಕಟ್ಟಿದ ಪೈಪ್ ಎತ್ತರಿಸಬೇಕು, ಮರದ ತಲೆ ದಾಟಿಸಬೇಕು. ಇಂಟರ್‌ಫಿಯರೆನ್ಸ್‌ಗೆ ಈ ಮದ್ದು ಹಾಕಿದರೆ ರೋಗ ಹೆಚ್ಚುತ್ತದೆ. ಎತ್ತರ ಹೋದಷ್ಟೂ ಆ ಡಿಶ್‌ಗೆ ದೂರದ ಟವರ್‌ಗಳೂ ಕಾಣಿಸತೊಡಗುತ್ತವೆ. ಮೊದಲು ಮರವೇ ತಡೆದಿದ್ದ ಬೇರೆಯವರ ಸಿಗ್ನಲ್ ಈಗ ನೇರವಾಗಿ ಬಂದು ಬೀಳುತ್ತದೆ. ಅಂದರೆ ಎರಡೂ ಕಾಯಿಲೆಗೆ ‘ಅಡ್ಡಿ’ ಅಂತ ಒಂದೇ ಹೆಸರಿಟ್ಟರೆ ಹುಡುಗ ಪೈಪ್ ಉದ್ದ ಮಾಡುತ್ತಾನೆ, ಗ್ರಾಹಕ ಬೈಯುತ್ತಾನೆ.

ಪರದೆ ಮೇಲೆ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಸಿಗ್ನಲ್ ಮೈನಸ್ 82 ಡಿಬಿಎಂಗೆ (ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ) ಇಳಿದಿದ್ದರೆ ಮೊದಲ ಅನುಮಾನ ಮರ, ದಿಣ್ಣೆ ಅಥವಾ ತಿರುಗಿಕೊಂಡ ಡಿಶ್ ಮೇಲೆ. ಸಿಗ್ನಲ್ ಮೈನಸ್ 58 ಇದ್ದು, ಆದರೂ ವೇಗ ಏಳುತ್ತಿಲ್ಲ ಅಂದರೆ ಅದು ಬೇರೆ ಕಥೆ. ಅದೇ ಚಾನಲ್‌ನಲ್ಲಿ ಇನ್ನೊಬ್ಬರ ಸಿಗ್ನಲ್ ಮೈನಸ್ 73ರಲ್ಲಿ ಬಂದು ಸೇರುತ್ತಿದ್ದರೆ ನಡುವಿನ ಅಂತರ 15 ಡೆಸಿಬೆಲ್ ಮಾತ್ರ. 256 ಕ್ವಾಮ್‌ನಂಥ ವೇಗದ ಮಾಡ್ಯುಲೇಶನ್‌ಗೆ (ಸಿಗ್ನಲ್ ಮೇಲೆ ಮಾಹಿತಿ ಹೇರುವ ವಿಧಾನಕ್ಕೆ) 30ರ ಆಸುಪಾಸು ಅಂತರ ಬೇಕು. ಹಾಗಾಗಿ ರೇಡಿಯೋ ತಾನಾಗೇ ಕೆಳಗಿನ ಗೇರ್‌ಗೆ ಇಳಿಯುತ್ತದೆ. ಇಲ್ಲಿ ಯಾವುದೂ ಅಡ್ಡ ನಿಂತಿಲ್ಲ. ಬೇಡದ್ದೊಂದು ಬಂದು ಸೇರಿಕೊಂಡಿದೆ.

ಈಗ ನನ್ನ ಮುಂದಿರುವ ಪದಗಳು.

‘ವ್ಯತಿಕರಣ’ ಪಿಯುಸಿ ಭೌತಶಾಸ್ತ್ರದ ಪದ. ಎರಡು ಬೆಳಕಿನ ಅಲೆ ಸೇರಿ ಒಂದು ಕಡೆ ಪ್ರಕಾಶ, ಇನ್ನೊಂದು ಕಡೆ ಕತ್ತಲೆ ಪಟ್ಟಿ ಆಗುತ್ತದಲ್ಲ, ಅದು. ಅಲ್ಲಿ ಅದು ಕೆಟ್ಟದ್ದೇನಲ್ಲ, ಅಲೆಗಳ ಗುಣ ಅಷ್ಟೇ. ಟವರ್ ಕೆಲಸದಲ್ಲಿ ಇಂಟರ್‌ಫಿಯರೆನ್ಸ್ ಅಂದರೆ ಯಾವಾಗಲೂ ಕಾಟವೇ. ಪದ ಸರಿಯಾಗಿದೆ, ಅರ್ಥ ಪಕ್ಕಕ್ಕೆ ಹೋಗಿದೆ.

‘ಹಸ್ತಕ್ಷೇಪ’ ಪತ್ರಿಕೆಯ ಪದ, ಯಂತ್ರಾನುವಾದದಲ್ಲೂ ಬರುತ್ತದೆ. ಅದರಲ್ಲಿ ಬೇಕಂತಲೇ ಕೈ ಹಾಕಿದ ವಾಸನೆ ಇದೆ. ಪಂಚಾಯಿತಿಗೆ ಸರಿ, ರೇಡಿಯೋ ಅಲೆಗೆ ಅಲ್ಲ.

‘ಹಾವಳಿ’ ಮೊದಲು ತುಂಬಾ ಹಿಡಿಸಿತ್ತು. ಚಿರತೆ ಹಾವಳಿ, ಕಾಡುಹಂದಿ ಹಾವಳಿ ಅಂತ ದಿನಾ ಓದುವ ಜಿಲ್ಲೆ ನಮ್ಮದು. ಹೇಳಿದ ತಕ್ಷಣ ಅರ್ಥ ಆಗುತ್ತದೆ. ಆದರೆ ಹಾವಳಿ ಅಂದಕೂಡಲೇ ಪಕ್ಕದವನು ಕಳ್ಳ ಅಂತ ತೀರ್ಮಾನ ಆಗಿಬಿಡುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ತರಂಗಾಂತರವನ್ನು ಲೈಸೆನ್ಸ್‌ನಿಂದ ಬಿಡಿಸಿತು. ಅದರ ಷರತ್ತೇ ಹಂಚಿಕೊಂಡು ಬಳಸಿ, ಯಾರಿಗೂ ರಕ್ಷಣೆ ಇಲ್ಲ ಅಂತ. ಪಕ್ಕದವನಿಗೂ ಅಷ್ಟೇ ಹಕ್ಕಿದೆ. ಅದೂ ಅಲ್ಲದೆ ನಮ್ಮದೇ ಟವರ್‌ನ ಒಂದು ಸೆಕ್ಟರ್ ಇನ್ನೊಂದು ಸೆಕ್ಟರ್‌ಗೆ ಕಾಟ ಕೊಡುವುದು ಎಷ್ಟು ಸಲ ಇಲ್ಲ! ‘ಸ್ವಂತ ಹಾವಳಿ’ ಅಂತ ಬರೆದರೆ ನಗ್ತಾರೆ.

‘ಗದ್ದಲ’ವನ್ನು ನಾಯ್ಸ್‌ಗೆ ಇಟ್ಟುಕೊಂಡಿದ್ದೇನೆ. ಅದು ಯಾರೂ ಇಲ್ಲದಿದ್ದರೂ ಇರುವಂಥದ್ದು. ಬಿಸಿಯಿಂದ ಹುಟ್ಟುವ ಗದ್ದಲ 20 ಮೆಗಾಹರ್ಟ್ಸ್ ಚಾನಲ್‌ನಲ್ಲಿ ಹೆಚ್ಚುಕಡಿಮೆ ಮೈನಸ್ 101 ಡಿಬಿಎಂ. ಚಾನಲ್ ಅಗಲ 40 ಮೆಗಾಹರ್ಟ್ಸ್ ಮಾಡಿದರೆ ಇನ್ನೂ 3 ಡೆಸಿಬೆಲ್ ಏರುತ್ತದೆ. ರೇಡಿಯೋದೊಳಗೆ ಹುಟ್ಟುವ ಈ ಗದ್ದಲವನ್ನು ಆಂಟೆನಾ ಬದಲಿಸಿ ಇಳಿಸುವುದಕ್ಕಾಗುವುದಿಲ್ಲ. ಇಂಟರ್‌ಫಿಯರೆನ್ಸ್ ಅನ್ನು ಇಳಿಸಬಹುದು. ಅದಕ್ಕೇ ಎರಡು ಪದ ಬೇಕು ಅನ್ನುವುದು.

ಕೊನೆಗೆ ಬಂದು ನಿಂತದ್ದು ‘ಬೆರಕೆ’. ನಮ್ಮ ಸಿಗ್ನಲ್‌ಗೆ ಇನ್ನೊಂದು ಬಂದು ಬೆರೆಯಿತು. ಅದು ಪಕ್ಕದವರದ್ದಾಗಬಹುದು, ನಮ್ಮದೇ ಆಗಬಹುದು. ಯಾರ ಮೇಲೂ ಆರೋಪ ಇಲ್ಲ. ಕ್ರಿಯಾಪದವೂ ಸಲೀಸು: ‘ದಕ್ಷಿಣದ ಸೆಕ್ಟರ್‌ನಿಂದ ಬೆರಕೆ ಬರ್ತಿದೆ’. ಕೈಪಿಡಿಯ ಒಂದು ತುಣುಕು ಹಾಕುತ್ತೇನೆ, ಓದಿ ನೋಡಿ:

“90 ಡಿಗ್ರಿ ಸೆಕ್ಟರ್ ಅಂದರೆ 90 ಡಿಗ್ರಿಗೆ ಗೋಡೆ ಎಬ್ಬಿಸಿದ ಹಾಗೆ ಅಲ್ಲ. ಆ ಅಂಚಿನಲ್ಲಿ ಶಕ್ತಿ ಸಾಮಾನ್ಯವಾಗಿ ನಡುವಿನ ಅರ್ಧ ಇರುತ್ತದೆ, ಅಂದರೆ 3 ಡೆಸಿಬೆಲ್ ಕಡಿಮೆ, ಅಷ್ಟೇ. ಅದರಾಚೆಗೂ ಸೋರುತ್ತದೆ, ಬೆನ್ನ ಹಿಂದಕ್ಕೂ ಸೋರುತ್ತದೆ. ಮುಂದಕ್ಕೂ ಹಿಂದಕ್ಕೂ 20 ಡೆಸಿಬೆಲ್ ಅಂತರ ಇದ್ದರೆ ಹಿಂದಕ್ಕೆ ಹೋಗುವುದು ನೂರರಲ್ಲಿ ಒಂದು ಪಾಲು. 30 ಇದ್ದರೆ ಸಾವಿರದಲ್ಲಿ ಒಂದು ಪಾಲು. ನಾಲ್ಕು ಸೆಕ್ಟರ್ ಕಟ್ಟಿ, ಬೆನ್ನಿಗೆ ಬೆನ್ನು ಇರುವ ಎರಡಕ್ಕೆ ಒಂದೇ ಚಾನಲ್ ಕೊಡುವುದಾದರೆ ಮೊದಲು ಈ ಅಂಕಿ ನೋಡಿ, ಗೇನ್ (ಒಂದು ಕಡೆಗೆ ಎಷ್ಟು ಶಕ್ತಿ ಒಟ್ಟುಗೂಡಿಸುತ್ತದೆ ಅನ್ನುವ ಅಳತೆ) ಆಮೇಲೆ. ಆಂಟೆನಾ ಯಾವ ಕಡೆಗೆ ಎಷ್ಟು ಕಳಿಸುತ್ತದೋ ಆ ಕಡೆಯಿಂದ ಅಷ್ಟನ್ನೇ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಸೋರಿಕೆ ಕಡಿಮೆ ಇದ್ದರೆ ನೀವು ಕೊಡುವ ಬೆರಕೆಯೂ ಕಡಿಮೆ, ನಿಮಗೆ ಬರುವ ಬೆರಕೆಯೂ ಕಡಿಮೆ.”

ಇದರಲ್ಲಿ ಇನ್ನೊಂದು ಪದ ನುಸುಳಿದೆ. ಮುಖ್ಯ ದಿಕ್ಕು ಬಿಟ್ಟು ಪಕ್ಕಕ್ಕೆ ಹೋಗುವ ಸಿಗ್ನಲ್, ಅಂದರೆ ಸೈಡ್ ಲೋಬ್‌ಗೆ ನಾನು ‘ಪಕ್ಕದ ಸೋರಿಕೆ’ ಬಳಸಿದ್ದೇನೆ. ಲೋಬ್‌ಗೆ ‘ಹಾಲೆ’ ಇದೆ, ಕಿವಿಹಾಲೆ ಅಂತೀವಲ್ಲ, ಆಕಾರಕ್ಕೂ ಹೊಂದುತ್ತದೆ. ಆದರೆ ಅಡಿಕೆ ಬೆಳೆಯುವ ಊರಲ್ಲಿ ‘ಪಕ್ಕದ ಹಾಲೆ’ ಅಚ್ಚಾಗಿ ಬರುವಷ್ಟರಲ್ಲಿ ‘ಪಕ್ಕದ ಹಾಳೆ’ ಆಗದೆ ಇರುವುದಿಲ್ಲ. ಆಮೇಲೆ ಅದು ಅಡಿಕೆ ಹಾಳೆಯೋ ಪುಸ್ತಕದ ಹಾಳೆಯೋ ದೇವರೇ ಬಲ್ಲ. ಸೋರಿಕೆಗೆ ಒಂದು ಅನುಕೂಲ ಇದೆ. ಕೊಡ ಸೋರುವುದು ಹೊರಕ್ಕೆ, ಮಾಳಿಗೆ ಸೋರುವುದು ಒಳಕ್ಕೆ. ಆಂಟೆನಾದ್ದು ಎರಡೂ.

ಬೀಮ್‌ವಿಡ್ತ್‌ಗೆ (ಸಿಗ್ನಲ್ ಹರಡುವ ಕೋನದ ಅಗಲಕ್ಕೆ) ‘ಹರವು’ ಇಟ್ಟಿದ್ದೇನೆ, ಅದರಲ್ಲಿ ಅನುಮಾನ ಇಲ್ಲ. ಆಂಟೆನಾ ಮುಖವನ್ನು ಕೆಳಕ್ಕೆ ವಾಲಿಸುವ ಡೌನ್‌ಟಿಲ್ಟ್‌ಗೆ ಹುಡುಗರದ್ದೇ ಮಾತು ‘ಬಗ್ಗಿಸು’. 30 ಮೀಟರ್ ಟವರ್‌ನಿಂದ 1 ಕಿಲೋಮೀಟರ್ ದೂರದ ನೆಲ ನೋಡಲು ಸುಮಾರು 1.7 ಡಿಗ್ರಿ ಬಗ್ಗಿಸಿದರೆ ಸಾಕು ಅಂತ ಬರೆದಾಗ ಯಾರೂ ತಲೆ ಕೆರೆದುಕೊಳ್ಳಲಿಲ್ಲ. ಗೇನ್‌ಗೆ ‘ವರ್ಧನೆ’ ಅನ್ನಲು ಮನಸ್ಸಿಲ್ಲ. ಆಂಟೆನಾ ಏನನ್ನೂ ಹೆಚ್ಚಿಸುವುದಿಲ್ಲ, ಇರುವುದನ್ನೇ ಒಂದು ಕಡೆಗೆ ಒಟ್ಟುಗೂಡಿಸುತ್ತದೆ. ಗೇನ್ ಜಾಸ್ತಿ ಇರುವುದೇ ಒಳ್ಳೆ ಆಂಟೆನಾ ಅನ್ನುವ ನಂಬಿಕೆಗೆ ಈ ‘ವರ್ಧನೆ’ ಇನ್ನಷ್ಟು ಬಲ ಕೊಡುತ್ತದೆ ಅನ್ನಿಸುತ್ತದೆ. ಕಹಳೆ ಆಕಾರದ ಹಾರ್ನ್ ಆಂಟೆನಾಗಳಲ್ಲಿ ಎಷ್ಟೋ ಸಲ ಗೇನ್ ಕಡಿಮೆ, ಪಕ್ಕದ ಸೋರಿಕೆ ಅದಕ್ಕಿಂತ ಕಡಿಮೆ. ಟವರ್‌ಗಳು ಒತ್ತೊತ್ತಾಗಿರುವ ಕಡೆ ಅದೇ ವಾಸಿ.

ಈಗ ನನ್ನ ಅಳುಕು. ಹಳೇ ಮೈಸೂರಿನವರಿಗೆ ಬೆರಕೆ ಅಂದರೆ ಬೆರಕೆ ಸೊಪ್ಪಿನ ಸಾರು, ಬಾಯಲ್ಲಿ ನೀರು ಬರುತ್ತದೆ. ಹುಬ್ಬಳ್ಳಿ ಧಾರವಾಡ ಕಡೆ ‘ಭಾಳ ಬೆರಕಿ ಅದಾನ’ ಅಂದರೆ ಘಾಟಿ ಮನುಷ್ಯ ಅಂತ ಅರ್ಥ. ಆ ಕಡೆಯವರು ‘ಸಿಗ್ನಲ್ ಬೆರಕೆ’ ಅಂತ ಓದಿದರೆ ಕಿವಿಗೆ ಹೇಗೆ ಕೇಳುತ್ತದೆ? ಕಲಬೆರಕೆ ನೆನಪಾಗಿ ಮಾಲೇ ಕೆಟ್ಟದ್ದು ಅನ್ನಿಸುತ್ತದಾ? ಕರಾವಳಿಯಲ್ಲಿ ಇದಕ್ಕೆ ಬೇರೆ ಮಾತು ಇದೆಯಾ? ರೇಡಿಯೋ ಕೇಳುವಾಗ ಎರಡು ಸ್ಟೇಶನ್ ಒಟ್ಟಿಗೆ ಬಂದರೆ ನಿಮ್ಮ ಮನೆಯ ಹಿರಿಯರು ಏನಂತಿದ್ದರು, ಅದನ್ನೂ ಹೇಳಿ. ಆ ಪದ ಸಿಕ್ಕಿದರೆ ‘ಬೆರಕೆ’ಯನ್ನು ಬಿಟ್ಟುಕೊಡಲು ನಾನು ತಯಾರು.